ಸಹಾಯ ಬೇಕು: ಕ್ಲಾಸ್ ಮೀಟಿಂಗ್‌ನಲ್ಲಿ ಯಾರೂ ಬಾಯಿ ಬಿಡುತ್ತಿಲ್ಲ

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ನಾನು ಮೆಥೋಡಿಸ್ಟ್ ಪಾಸ್ಟರ್, ಇದು ನನ್ನ ಮೊದಲ ಸಭೆ. ಹಿರಿಯ ಸಭಾಪಾಲಕರು ಯಾರಾದರೂ ದಾರಿ ತೋರಿಸಿ.

ಮೆಥೋಡಿಸ್ಟ್ ಪಂಥ ಶುರು ಮಾಡಿದ ಜಾನ್ ವೆಸ್ಲಿಯವರ ಕಾಲದ ಕ್ಲಾಸ್ ಮೀಟಿಂಗ್, ಅಂದರೆ ಸಣ್ಣ ಗುಂಪಾಗಿ ಸೇರಿ ತಮ್ಮ ಆತ್ಮಿಕ ಜೀವನದ ಬಗ್ಗೆ ಮಾತಾಡುವ ಕೂಟ, ನಮ್ಮಲ್ಲೂ ಶುರು ಮಾಡಿದ್ದೇನೆ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಅದು ಹುಟ್ಟಿದ್ದೇ ಸಭೆಯ ಕಟ್ಟಡದ ಸಾಲ ತೀರಿಸೋಕೆ. ಸುಮಾರು 12 ಜನರಿಗೆ ಒಬ್ಬ ಲೀಡರ್, ತಲೆಗೆ ವಾರಕ್ಕೊಂದು ಪೆನ್ನಿ. ದುಡ್ಡಿಗೆ ಅಂತ ಮನೆಮನೆಗೆ ಹೋದವರು ಜನರ ಕಷ್ಟಸುಖ ವಿಚಾರಿಸತೊಡಗಿದರು. ನನಗೆ ಹಿಡಿಸಿದ್ದು ಅದೇ.

ಆದರೆ ನಾನು "ಈ ವಾರ ನಿಮ್ಮ ಆತ್ಮ ಹೇಗಿದೆ?" ಅಂದರೆ ಎಲ್ಲರೂ "ದೇವರ ದಯೆ ಪಾಸ್ಟರ್" ಅಂತ ನೆಲ ನೋಡುತ್ತಾರೆ. ಮೊನ್ನೆ ಮುಗಿದ ಮೇಲೆ ಒಬ್ಬ ಅಜ್ಜಿ ನನ್ನ ಜೊತೆ ಕುರ್ಚಿ ಜೋಡಿಸುತ್ತಿದ್ದರು. ನಾಲ್ಕನೇ ಕುರ್ಚಿ ಕೈಯಲ್ಲಿರುವಾಗಲೇ, ಮಗ ಮಾತು ಬಿಟ್ಟು ಎರಡು ವರ್ಷ ಆಯ್ತು ಅಂದರು. (ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ.) ಒಂದು ಗಂಟೆ ಸುಮ್ನೆ ಕೂತಿದ್ದವರು! ಪ್ರಾರ್ಥನೆ ಮಾಡಿದೆ. ಆಮೇಲೆ ಏನು ಹೇಳಬೇಕೋ ತೋಚಲಿಲ್ಲ.

ನನ್ನ ಪ್ರಶ್ನೆಯೇ ಜಾಸ್ತಿ ಭಾರವಾಯ್ತಾ? ಅಥವಾ ಪಾಸ್ಟರ್ ಎದುರಿಗಿರೋದೇ ತೊಂದರೆಯಾ? ಸಭೆಯವರೊಬ್ಬರ ಕೈಗೆ ಬಿಟ್ಟು ನಾನು ಹೊರಗಿರಲಾ? ಇಂಥ ಗುಂಪು ನಡೆಸಿದವರು, ನೀವು ಮೊದಲು ಏನು ಕೇಳುತ್ತೀರಿ ಅಂತ ಹೇಳಿ. ಗುರುವಾರ ಸಂಜೆ ಮತ್ತೆ ಸೇರುತ್ತೇವೆ.