ಅಪ್‌ಡೇಟ್: ಲೈವ್‌ನ್ಯಾಗ ಚಿತ್ರ ಹೋಗೋದು ನಿಂತೈತ್ರಿ

ಹೋದ ತಿಂಗಳು ಕೇಳಿದ್ದೆನಲ್ರಿ, ಕೊಪ್ಪಳದ ನಮ್ಮ ಲೋಕಲ್ ಕೇಬಲ್ ಚಾನೆಲ್‌ಗೆ ಎಚ್‌ಡಿ ಕ್ಯಾಮೆರಾ ತಂದೀವಿ, ಆದ್ರ ಲೈವ್ ಮಾಡುವಾಗ ಪದೇ ಪದೇ ಚಿತ್ರ ಕಪ್ಪಾಗ್ತೈತಿ, ಹೊಸ ಸ್ವಿಚರ್ (ಯಾವ ಕ್ಯಾಮೆರಾದ ಚಿತ್ರ ಲೈವ್‌ಗೆ ಹೋಗ್ಬೇಕು ಅಂತ ಬದಲಿಸೋ ಮಷೀನ್) ತಗೋಬೇಕೇನು ಅಂತ. ಸ್ವಿಚರ್ ಬ್ಯಾಡ, ಮೊದ್ಲು ವೈರ್ ನೋಡ್ರಿ ಅಂದವರಿಗೆ ದೊಡ್ಡ ಥ್ಯಾಂಕ್ಸ್, ತೊಂದ್ರಿ ಅಲ್ಲೇ ಇತ್ತು. ಕ್ಯಾಮೆರಾದಿಂದ ಸ್ವಿಚರ್‌ತನಕ 30 ಮೀಟರ್ ಎಚ್‌ಡಿಎಂಐ ವೈರ್ (ಟಿವಿಗೆ ಹಾಕ್ತೀವಲ್ರಿ, ಅದು) ಎಳೆದಿದ್ವಿ, ಸಾದಾ ತಾಮ್ರದ ವೈರ್‌ನ್ಯಾಗ ಅಷ್ಟು ದೂರ ಸಿಗ್ನಲ್ ನಿಲ್ಲಂಗಿಲ್ಲ. ಈಗ ಎರಡೂ ಕಡಿ ಎಸ್‌ಡಿಐ ಕನ್ವರ್ಟರ್ (ಎಚ್‌ಡಿಎಂಐ ಸಿಗ್ನಲ್ ದೂರ ಹೋಗಂಗ ಬದಲಿಸಿ, ಆ ಕಡಿ ಮತ್ತ ಎಚ್‌ಡಿಎಂಐ ಮಾಡೋ ಡಬ್ಬಿ) ಹಾಕಿ ನಡುವ 75 ಓಮ್ ಕೋಆಕ್ಸಿಯಲ್ ಕೇಬಲ್ (ಕೇಬಲ್ ಟಿವಿ ವೈರ್‌ನಂಥದ್ದು) ಎಳೆದು ಗವಿಮಠದ ಮೈದಾನದಾಗ ಎರಡು ತಾಸು ಟೆಸ್ಟ್ ಮಾಡಿದ್ವಿ, ಒಮ್ಮೆನೂ ಕಟ್ ಆಗ್ಲಿಲ್ಲ. ಮೊದ್ಲು ಒಂದು ಲೈನ್ ಬರ್ಲೇ ಇಲ್ಲ, ಬಿಎನ್‌ಸಿ (ಆ ಕೇಬಲ್ ತುದಿಯ ಪ್ಲಗ್) ಬಿಚ್ಚಿ ನೋಡಿದ್ರ ಹೊರಗಿನ ಜಾಳಿಗಿದು ಕೂದಲಿನಂಥ ಒಂದು ಎಳಿ ನಡುವಿನ ಪಿನ್‌ಗೆ ತಾಗಿತ್ತು, ಕತ್ತರಿಸಿ ಪ್ಲಗ್ ಮತ್ತ ಒತ್ತಿ ಕೂಡಿಸಿದ (ಕ್ರಿಂಪ್ ಮಾಡಿದ) ಕೂಡ್ಲೇ ಬಂತು.

ಇನ್ನೊಂದು, ಒಂದು ಕ್ಯಾಮೆರಾ ಸೆಕೆಂಡಿಗೆ 60 ಸಲ ಚಿತ್ರ ಹಿಡಿಯೋ ಸೆಟ್ಟಿಂಗ್‌ನ್ಯಾಗ ಇತ್ತು, ನಮ್ಮ ಕರೆಂಟ್ 50 ಹರ್ಟ್ಜ್ ಅಲ್ಲೇನ್ರಿ, ಎರಡೂ ಹೊಂದದೆ ಟ್ಯೂಬ್‌ಲೈಟ್ ಕೆಳಗ ಚಿತ್ರ ಮಿಣಮಿಣ ಅಂತಿತ್ತು. ಎಲ್ಲಾನೂ 1080ಐ 50ಕ್ಕ (ಸೆಕೆಂಡಿಗೆ 50 ಸಲ ಚಿತ್ರ ಹಿಡಿಯೋ ಎಚ್‌ಡಿ ಸೆಟ್ಟಿಂಗ್) ಇಟ್ಟೀವಿ. ಸ್ವಿಚರ್‌ಗೆ ಅಂತ ಕೂಡಿಸಿದ ರೊಕ್ಕದಾಗ ಯುಪಿಎಸ್ ಬ್ಯಾಟರಿ ಬದಲಿಸ್ತೀವಿ. ಗವಿಸಿದ್ಧೇಶ್ವರ ಜಾತ್ರಿಗೆ ಬರಾಕ ಆಗದ ಮುದುಕರು ಮನ್ಯಾಗ ಕುಂತು ತೇರು ಪೂರ್ತಿ ನೋಡ್ಬೇಕ್ರಿ, ಇಷ್ಟೆಲ್ಲಾ ಮಾಡಿದ್ದು ಅದಕ್ಕ.