‘ಲೀಗಲೈಸ್’, ‘ಡಿಕ್ರಿಮಿನಲೈಸ್’: ಎರಡಕ್ಕೂ ‘ಕಾನೂನುಬದ್ಧ’ ಸಾಕೇ?

ಪ್ರಶ್ನೆ: ಸೈಕೆಡೆಲಿಕ್ (ಮನಸ್ಸಿನ ಗ್ರಹಿಕೆಯನ್ನೇ ಬದಲಿಸುವ) ಅಣಬೆ, ಅದರಲ್ಲಿನ ಸಿಲೊಸೈಬಿನ್ ಎಂಬ ರಾಸಾಯನಿಕದ ಕುರಿತ ಬರಹಗಳಲ್ಲಿ ಈ ಎರಡೂ ಪದ ಬರುತ್ತವೆ. ಎರಡಕ್ಕೂ ‘ಕಾನೂನುಬದ್ಧ’ ಎಂದರೆ ನಡೆದೀತೇ? ‘ಸಕ್ರಮ’ ಹೇಗೆ? ಅಣಬೆ ಸೇವಿಸಿದವರ ಪಕ್ಕ ಕೂರುವ ‘ಫೆಸಿಲಿಟೇಟರ್’ಗೆ ಏನನ್ನೋಣ?

ಉತ್ತರ: ನಡೆಯದು. ಅಮೆರಿಕದ ಒರೆಗಾನ್ ರಾಜ್ಯವನ್ನೇ ನೋಡಿ. 2020ರ ನವೆಂಬರಿನಲ್ಲಿ ಅಲ್ಲಿನ ಮತದಾರರು ಎರಡು ಪ್ರಸ್ತಾವಗಳನ್ನು ಒಟ್ಟಿಗೇ ಒಪ್ಪಿದರು. 110ನೆಯದರ ಪ್ರಕಾರ, ಸ್ವಂತಕ್ಕೆಂದು ಅಲ್ಪ ಪ್ರಮಾಣದ ಡ್ರಗ್ಸ್ ಇಟ್ಟುಕೊಂಡರೆ ಜೈಲಿಲ್ಲ, 100 ಡಾಲರ್ ದಂಡ. ಮಾರಾಟ ಅಪರಾಧವಾಗಿಯೇ ಉಳಿಯಿತು. ದಂಡ ಬೀಳುವ ಕೆಲಸವನ್ನು ‘ಕಾನೂನುಬದ್ಧ’ ಎನ್ನುವುದುಂಟೇ? ಇದು ‘ಅಪರಾಧಮುಕ್ತ’. (2024ರ ಸೆಪ್ಟೆಂಬರಿನಿಂದ ಮತ್ತೆ ಅಪರಾಧ.)

ಸಿಲೊಸೈಬಿನ್ ಕುರಿತ 109ನೆಯದರ ಜಾತಿಯೇ ಬೇರೆ. ಅಣಬೆ ಬೆಳೆಯಲು, ಪರೀಕ್ಷಿಸಲು, ಸೇವನೆಯ ಕೇಂದ್ರ ನಡೆಸಲು, ಸೇವಿಸಿದವರ ಪಕ್ಕ ಕೂರಲು ಬೇರೆಬೇರೆ ಲೈಸೆನ್ಸ್. 21 ತುಂಬಿದವರಿಗೆ ಡಾಕ್ಟರ ಚೀಟಿ ಬೇಡ, ಆದರೆ ಅಲ್ಲೇ ಸೇವಿಸಬೇಕು, ಪಾರ್ಸೆಲ್ ಇಲ್ಲ. ನಮ್ಮ ಅಬಕಾರಿಯವರ ‘ಸನ್ನದು’ ಇಲ್ಲಿಗೆ ಹೇಳಿಮಾಡಿಸಿದ ಪದ: ‘ಸನ್ನದಿನಡಿ ಅನುಮತಿ’. ಬರಿದೇ ‘ಕಾನೂನುಬದ್ಧ’ ಎಂದು ಬರೆದರೆ ಅಂಗಡಿಯಲ್ಲಿ ಸಿಗುತ್ತದೆಂದು ಓದುಗರು ತಿಳಿಯುತ್ತಾರೆ, ವಾದವೂ ಅಲ್ಲೇ ದಾರಿ ತಪ್ಪುತ್ತದೆ. ಮೇಲಾಗಿ ಅಮೆರಿಕದ ಒಕ್ಕೂಟ ಸರ್ಕಾರದ ಕಾನೂನಿನಲ್ಲಿ ಸಿಲೊಸೈಬಿನ್ ಇನ್ನೂ ನಿಷಿದ್ಧ. ಹಾಗಾಗಿ ‘ರಾಜ್ಯದ ಕಾನೂನಿನಡಿ’ ಎಂಬುದನ್ನು ಬಿಡುವಂತಿಲ್ಲ.

ಆಸ್ಟ್ರೇಲಿಯಾದ್ದು ಮೂರನೆಯ ಬಗೆ. 2023ರ ಜುಲೈ 1ರಿಂದ ಅಧಿಕಾರ ಪಡೆದ ಮನೋವೈದ್ಯರು ಮಾತ್ರ ಬರೆದುಕೊಡಬಹುದು. ‘ಔಷಧವಾಗಿ ಅನುಮತಿ’ ಎಂದರೆ ಸಾಕು.

‘ಸಕ್ರಮ’ ಬೇಡವೇ ಬೇಡ. ಆ ಪದ ಕೇಳಿದೊಡನೆ ಬಗರ್‌ಹುಕುಂ ಜಮೀನು ಕಣ್ಣಮುಂದೆ ಬರುತ್ತದೆ. ಆಗಿಹೋದ ಅಕ್ರಮಕ್ಕೆ ಹಕ್ಕುಪತ್ರ ಕೊಡುವುದು ಅದು.

ಫೆಸಿಲಿಟೇಟರ್‌ಗೆ ‘ಚಿಕಿತ್ಸಕ’ ತಪ್ಪು. ಒರೆಗಾನ್‌ನಲ್ಲಿ ಅವರಿಗೆ 120 ಗಂಟೆ ಪಾಠ, 40 ಗಂಟೆ ಪ್ರಾಯೋಗಿಕ ತರಬೇತಿ ಇದೆ. ಆದರೆ ಆ ಲೈಸೆನ್ಸಿನಲ್ಲಿ ರೋಗ ಪತ್ತೆಹಚ್ಚಿ ಔಷಧ ಕೊಡುವಂತಿಲ್ಲ. ಮುಂಚೆಯೇ ಒಮ್ಮೆ ಕೂತು ಮಾತಾಡಿ ಅಣಿಗೊಳಿಸಬೇಕು, ಸೇವನೆಯ ದಿನ ಗಂಟೆಗಟ್ಟಲೆ ಜತೆಗಿರಬೇಕು. ‘ಜತೆಗಾರ’ ಎನ್ನಬಹುದು.

ಅನುವಾದದಲ್ಲಿ ಎಡವುವ ಇನ್ನೊಂದು ಜಾಗ: ಒರೆಗಾನ್‌ನಲ್ಲಿ ಒಂದು ಸಲಕ್ಕೆ ಮಿತಿ 50 ಮಿಲಿಗ್ರಾಂ. ಇದು ಸಿಲೊಸೈಬಿನ್ನಿನ ತೂಕ. ‘50 ಮಿಲಿಗ್ರಾಂ ಅಣಬೆ’ ಎಂದು ಬರೆದರೆ ಲೆಕ್ಕ ಹತ್ತಾರು ಪಟ್ಟು ತಪ್ಪುತ್ತದೆ.

ಮರು ಉತ್ತರ: ‘ಸನ್ನದು’ ಒಪ್ಪಿಗೆ. ‘ಜತೆಗಾರ’ದಲ್ಲಿ ಲೈಸೆನ್ಸಿನ ತೂಕ ಕಾಣುವುದಿಲ್ಲ, ಮೊದಲ ಸಲ ‘ಸನ್ನದು ಪಡೆದ ಜತೆಗಾರರು’ ಎಂದು ಬಹುವಚನದಲ್ಲಿ ಬರೆದರೆ ಗಾರ–ಗಾತಿಯ ತಾಪತ್ರಯವೂ ಇರದು.