ನಡೆಯುವವರ ದಾರಿಯಲ್ಲಿ ಕುದುರೆಗಳನ್ನೂ ಬಿಡಬಹುದೇ?

ಪ್ರಶ್ನೆ
ಕಾಡಂಚಿನ ಕಾಲುದಾರಿಯೊಂದನ್ನು ಕುದುರೆ ಸವಾರರಿಗೂ ತೆರೆಯುವ ಯೋಜನೆಯ ಕರಡನ್ನು ಸಿದ್ಧಪಡಿಸುತ್ತಿದ್ದೇನೆ. ನಡೆಯುವವರೂ ಸೈಕಲ್ ಸವಾರರೂ ಈಗಾಗಲೇ ಅದನ್ನು ಬಳಸುತ್ತಿದ್ದಾರೆ. ದಾರಿಯನ್ನು ಅಗಲ ಮಾಡಿದರೆ ಸಾಕೇ, ಅಥವಾ ಕುದುರೆಗಳಿಗೆಂದೇ ಬೇರೆ ಹಾದಿಯನ್ನು ಮೀಸಲಿಡಬೇಕೇ? ಮಳೆಯಾದರೆ ಕುದುರೆಗಳಿಂದ ದಾರಿ ಹಾಳಾಗುತ್ತದೆ ಎಂಬ ಆಕ್ಷೇಪವೂ ಬಂದಿದೆ.

ಉತ್ತರ 1
ಆಕ್ಷೇಪದಲ್ಲಿ ಹುರುಳಿದೆ, ಆದರೆ ಅದಕ್ಕೆ ಪರಿಹಾರ ಅಗಲ ಹೆಚ್ಚಿಸುವುದಲ್ಲ. ಸುಮಾರು 500 ಕಿಲೋ ತೂಗುವ ಪ್ರಾಣಿಯ ಭಾರವೆಲ್ಲ ನಾಲ್ಕು ಗೊರಸುಗಳ ಮೇಲೆ ಬೀಳುವುದರಿಂದ ಒದ್ದೆ ಮಣ್ಣು ಕುಸಿದು ಗುಳಿಯಾಗುತ್ತದೆ; ಆ ಗುಳಿಯಲ್ಲಿ ನೀರು ನಿಲ್ಲುತ್ತದೆ; ಮುಂದೆ ಬರುವ ಸವಾರರು ಕೆಸರನ್ನು ತಪ್ಪಿಸಿ ಅಂಚಿನಲ್ಲಿ ಸಾಗುವುದರಿಂದ ದಾರಿ ತಾನಾಗಿಯೇ ಹರಡಿಕೊಳ್ಳುತ್ತದೆ. ಆದ್ದರಿಂದ ಹಾದಿಯ ಮೇಲ್ಮೈಯನ್ನು ಇಳಿಜಾರಿನ ಬದಿಗೆ ಶೇಕಡಾ 5ರಷ್ಟು ವಾಲಿಸಿ, ಉದ್ದಕ್ಕೂ ಏರು ಶೇಕಡಾ 10ನ್ನು ಮೀರದಂತೆ ನೋಡಿಕೊಳ್ಳಿ. ನೀರು ಬಸಿಯದ ಭಾಗಗಳನ್ನು ಮಳೆಯ ನಂತರ ಮಣ್ಣು ಗಟ್ಟಿಯಾಗುವವರೆಗೆ ಮುಚ್ಚುವುದೇ ಸರಿ. ಡಾಂಬರು ಬೇಡ, ಲಾಳ ಹೊಡೆದ ಕಾಲು ಅದರ ಮೇಲೆ ಜಾರುತ್ತದೆ. ಚೂಪಾದ ದಪ್ಪ ಜಲ್ಲಿ ಗೊರಸಿನ ಅಡಿಯಲ್ಲಿ ಸಿಕ್ಕಿಕೊಳ್ಳಬಹುದು. ಪುಡಿಯೊಂದಿಗೆ ಬೆರೆಸಿ ಅದುಮಿದ ಸಣ್ಣ ಜಲ್ಲಿ ಉತ್ತಮ.

ಉತ್ತರ 2
ಮೇಲಿನವರು ಮಣ್ಣಿನ ವಿಚಾರವನ್ನು ಸರಿಯಾಗಿ ಹೇಳಿದ್ದಾರೆ. ನನ್ನ ಕಾಳಜಿ ಸೈಕಲ್‌ಗಳದ್ದು. ಕುದುರೆಯ ಕಣ್ಣುಗಳು ತಲೆಯ ಇಕ್ಕೆಲಗಳಲ್ಲಿರುವುದರಿಂದ ಅದು ಸುತ್ತಲೂ ನೋಡಬಲ್ಲದು, ಆದರೆ ನೇರ ಹಿಂಬದಿ ಅದಕ್ಕೆ ಕಾಣುವುದಿಲ್ಲ. ಸದ್ದಿಲ್ಲದೆ ಅಲ್ಲಿಂದ ಬರುವ ಸೈಕಲ್ ಪಳಗಿದ ಕುದುರೆಯನ್ನೂ ಬೆಚ್ಚಿಸಬಹುದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1968ರ ಕಾಯ್ದೆಯು ಕುದುರೆ ಹಾದಿಗಳಲ್ಲಿ ಸೈಕಲ್‌ಗಳಿಗೆ ಅವಕಾಶ ಕೊಟ್ಟಿತಾದರೂ, ನಡೆಯುವವರಿಗೂ ಕುದುರೆ ಸವಾರರಿಗೂ ದಾರಿ ಬಿಡಬೇಕೆಂಬ ಷರತ್ತನ್ನು ವಿಧಿಸಿತು. ಆದರೆ ದೂರದಿಂದ ಕಾಣದವರಿಗೆ ದಾರಿ ಬಿಡುವುದು ಹೇಗೆ? ನೋಟ ತೆರೆದಿರುವ ಕಡೆ ಮೂವರೂ ಒಂದೇ ದಾರಿಯನ್ನು ಹಂಚಿಕೊಳ್ಳಲಿ, ಕುರುಡು ತಿರುವುಗಳೂ ಕಡಿದಾದ ಇಳಿಜಾರುಗಳೂ ಇರುವಲ್ಲಿ ಮಾತ್ರ ಕುದುರೆಗಳಿಗೆ ಪ್ರತ್ಯೇಕ ಹಾದಿ ಮಾಡಿ ಎಂಬುದು ನನ್ನ ಅಭಿಪ್ರಾಯ.

ಉತ್ತರ 3
ಸವಾರನ ತಲೆ ಎಷ್ಟು ಎತ್ತರದಲ್ಲಿರುತ್ತದೆ ಎಂಬುದನ್ನು ಯೋಜಕರು ಮರೆಯುವುದುಂಟು. ಕನಿಷ್ಠ 3 ಮೀಟರ್ ಎತ್ತರದವರೆಗೆ ಕೊಂಬೆಗಳನ್ನು ಕತ್ತರಿಸಿ. ಗೇಟಿನ ಚಿಲಕ ಜೀನಿನ ಮೇಲೆ ಕುಳಿತೇ ಕೈಗೆಟಕುವಂತಿರಲಿ. ಲದ್ದಿಯ ಬಗ್ಗೆ ದೂರು ಬಂದೇ ಬರುತ್ತದೆ: ಸವಾರರು ಇಳಿದು ಅದನ್ನು ದಾರಿಯಿಂದ ಬದಿಗೆ ಸರಿಸಬೇಕೆಂಬ ನಿಯಮವನ್ನು ಫಲಕದಲ್ಲೇ ಬರೆಯಿಸಿ. ಲದ್ದಿಯ ಮೂಲಕ ಕಳೆ ಬೀಜಗಳು ಕಾಡಿಗೆ ಹರಡಬಲ್ಲವು. ಅಮೆರಿಕದ ಅನೇಕ ರಾಷ್ಟ್ರೀಯ ಅರಣ್ಯಗಳಲ್ಲಿ ಕಳೆಯಿಲ್ಲದ ಮೇವನ್ನೇ ತರಬೇಕೆಂದು ವಿಧಿಸಿರುವುದು ಇದೇ ಕಾರಣಕ್ಕೆ.

ಪ್ರಶ್ನೆ ಕೇಳಿದವರು
ಧನ್ಯವಾದಗಳು. ತಿರುವುಗಳಿರುವ ಭಾಗಕ್ಕೆ ಬೇರೆ ಹಾದಿಯನ್ನು ಸೂಚಿಸುತ್ತೇನೆ. ಆ ಭಾಗದಲ್ಲೊಂದು ಸಣ್ಣ ಹಳ್ಳವಿದೆ. ಅದಕ್ಕೆ ಮರದ ಸೇತುವೆ ಸಾಕಾಗಬಹುದೇ?

ಉತ್ತರ 1
ನೀರು ಆಳವಿಲ್ಲದಿದ್ದು ತಳ ಗಟ್ಟಿಯಾಗಿದ್ದರೆ ಸೇತುವೆಯೇ ಬೇಡ. ದಡಗಳನ್ನು ಇಳಿಜಾರಾಗಿ ತಗ್ಗಿಸಿ ಹಳ್ಳವನ್ನು ನೇರವಾಗಿ ದಾಟಿಸಿ. ಹಲಗೆಗಳ ಟೊಳ್ಳು ಸದ್ದಿಗೆ ಅನೇಕ ಕುದುರೆಗಳು ಹೆಜ್ಜೆ ಇಡಲು ಹಿಂಜರಿಯುತ್ತವೆ.